ಜಂಬಿಲಾ ಎಸೆದ ಲಂಗ

ಜಂಬಿಲಾ ಕ್ಷಮಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತೆರಡು ವರ್ಷಗಳಿಂದ ನಮ್ಮ ಕೇರಿಯ ಪ್ರಾರ್ಥನಾ ಮನೆಯಲ್ಲಿ ನಿಂತು ಕ್ಷಮೆಯನ್ನೇ ಸಾರುತ್ತ ಬಂದವನು ನಾನು. ಅಂಥವನು ಬರೆದದ್ದರಲ್ಲಿ ಕಡೆಗೆ ಎಲ್ಲರೂ ಅಪ್ಪಿಕೊಂಡು ಅಳುತ್ತಾರೆಂದು ಯಾರೂ ಕಾಯಬಾರದು. ದೇವರು ನ್ಯಾಯವನ್ನು ಪ್ರೀತಿಸುತ್ತಾನೆ ಎಂಬುದನ್ನು ನಾನು ಬಲ್ಲೆ. ಆ ನ್ಯಾಯವು ಕೆಲವೊಮ್ಮೆ ಎಂಥ ಕೈಗಳ ಮೂಲಕ ಬರುತ್ತದೆಂಬುದನ್ನು ಜಂಬಿಲಾಳಿಂದ ಕಲಿತೆ.

ರೊಮೇನಿಯಾದ ಓಲ್ಟ್ ನದಿಯ ದಂಡೆಯ ನಮ್ಮ ಪಟ್ಟಣದ ಆಚೆ, ಇಟ್ಟಿಗೆ ಗೂಡುಗಳನ್ನು ದಾಟಿದ ಮೇಲೆ ನಮ್ಮ ಕೇರಿ. ನಾವು ರೋಮಾ ಜನ, ಊರವರ ಬಾಯಲ್ಲಿ ಜಿಪ್ಸಿಗಳು. ರೋಮಾಗಳಲ್ಲಿ ತಾಮ್ರದ ಕೆಲಸದವರು. ಜಂಬಿಲಾಳ ಅಪ್ಪ ಬಂಡಿ ಕಟ್ಟಿಕೊಂಡು ಊರೂರಿಗೆ ಹೋಗಿ ಪ್ಲಮ್ ಸಾರಾಯಿ ಕಾಯಿಸುವ ಹಂಡೆಗಳನ್ನು ಬಡಿದುಕೊಡುತ್ತಿದ್ದ. ತಾಯಿ ಬಂಡಿಯ ಹಿಂದೆ ನಾಲ್ಕು ಬೋಗುಣಿಗಳನ್ನು ಕಟ್ಟಿರುತ್ತಿದ್ದಳು. ಒಂದು ಅಡುಗೆಯ ಬಟ್ಟೆಗೆ, ಒಂದು ಸೊಂಟದ ಮೇಲಿನ ಬಟ್ಟೆಗೆ, ಒಂದು ಗಂಡಸರ ಕೆಳಬಟ್ಟೆಗೆ, ಒಂದು ಹೆಂಗಸರ ಲಂಗಗಳಿಗೆ. ಒಂದರ ನೀರು ಇನ್ನೊಂದಕ್ಕೆ ಸೋಕಿದರೆ ಬೋಗುಣಿಯನ್ನೇ ಬಿಸಾಡುವುದು. ಹಸಿವನ್ನು ಅವರ ಮನೆ ಸಹಿಸುತ್ತಿತ್ತು, ಮೈಲಿಗೆಯನ್ನು ಸಹಿಸುತ್ತಿರಲಿಲ್ಲ. ಜಂಬಿಲಾ ಆ ಬೋಗುಣಿಗಳ ನಡುವೆಯೇ ಬೆಳೆದಳು. ಕೈ ಒರೆಸುವ ಬಟ್ಟೆ ನೆಲಕ್ಕೆ ಬಿದ್ದರೆ ಅದನ್ನು ಎರಡು ತುಂಡು ಮಾಡಿ ಒಲೆಗೆ ಹಾಕುವ ಹೆಣ್ಣು ಅವಳು.

ಮದುವೆಯಾದ ಮೇಲೆ ಬಿಸಿನೀರಿನ ಬುಗ್ಗೆಗಳ ಊರಿನ ದೊಡ್ಡ ಹೋಟೆಲಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಹನ್ನೊಂದು ವರ್ಷ ದುಡಿದಳು. ಕಡೆಯ ನಾಲ್ಕು ವರ್ಷ ಪಾಳಿಯ ಮೇಲ್ವಿಚಾರಕಿ. ಕೆಲಸದ ಬಟ್ಟೆಯನ್ನು ಅಲ್ಲೇ ಕಳಚಿ, ಅಲ್ಲೇ ಮಿಂದು, ಮನೆಯ ಲಂಗಗಳನ್ನು ಉಟ್ಟೇ ಬಸ್ಸು ಹತ್ತುತ್ತಿದ್ದಳು. ಹೋಟೆಲು ಮಾರಾಟವಾಗಿ ಬಾಗಿಲು ಮುಚ್ಚಿತು. ಅಷ್ಟರಲ್ಲಿ ಅವಳ ಗಂಡ ಕ್ರಾಚುನ್ ಬಡಿಯುವ ತಾಮ್ರದ ಹಂಡೆಯನ್ನು ಕೇಳುವವರೂ ಇಲ್ಲವಾಗಿದ್ದರು. ಮಗ ಇಟಲಿಯ ಟೊಮೇಟೊ ತೋಟಗಳಿಗೆ ಕೂಲಿಗೆ ಹೋಗಿದ್ದ. ಮನೆಯಲ್ಲಿ ಬಸುರಿ ಸೊಸೆ ರುಜಾ. ಆಗ ಪಟ್ಟಣದ ಸರಕಾರಿ ಆಸ್ಪತ್ರೆಯ ಗೇಟಿನಲ್ಲಿ ಒಂದು ಕಾಗದ ಅಂಟಿಸಿದ್ದನ್ನು ಜಂಬಿಲಾ ಕಂಡಳು: ಬಟ್ಟೆ ಒಗೆಯುವ ವಿಭಾಗಕ್ಕೆ ಇಬ್ಬರು ಹೆಂಗಸರು ಬೇಕಾಗಿದ್ದಾರೆ, ಅನುಭವವುಳ್ಳವರಿಗೆ ಆದ್ಯತೆ. ಹೋಟೆಲಿನವರು ಮೊಹರು ಒತ್ತಿ ಕೊಟ್ಟ ಪ್ರಮಾಣಪತ್ರವನ್ನು ಹಿಡಿದು ಅವಳು ಮರುದಿನ ಬೆಳಿಗ್ಗೆಯೇ ಹೋದಳು.

ಆ ವಿಭಾಗದ ಮುಖ್ಯಸ್ಥೆ ವೆತೂರಿಯಾ ಎಂಬಾಕೆ. ಮೇಜಿನ ಮೇಲೆ ಕಾಫಿ ಇಟ್ಟುಕೊಂಡು ಕುಳಿತಿದ್ದಳು.

“ಯಾರನ್ನ ನೋಡಕ್ಕೆ ಬಂದ್ಯಮ್ಮ? ಹೆರಿಗೆ ವಾರ್ಡು ಆ ಕಡೆ.”

“ನೋಡಕ್ಕಲ್ಲ ಮೇಡಂ, ಕೆಲಸಕ್ಕೆ. ಗೇಟಲ್ಲಿ ಹಾಕಿದೀರಲ್ಲ.”

ವೆತೂರಿಯಾ ಅವಳನ್ನು ತಲೆವಸ್ತ್ರದಿಂದ ಲಂಗದ ಅಂಚಿನವರೆಗೆ ನೋಡಿದಳು. “ಅದು ಬೆಳಿಗ್ಗೇನೇ ತುಂಬೋಯ್ತು.”

“ಕಾಗದ ಇನ್ನೂ ಅಲ್ಲೇ ಇದೆ.”

“ಕೀಳೋಕೆ ಮರೆತಿದಾರೆ.”

“ಹಂಗಾದ್ರೆ ನನ್ನ ಹೆಸರು ಬರ್ಕೊಂಡಿರಿ. ಮುಂದಕ್ಕೆ ಬೇಕಾದಾಗ ಕರೀರಿ.”

ವೆತೂರಿಯಾ ಒಂದು ಕಾಗದವನ್ನೂ ಪೆನ್ನನ್ನೂ ಮೇಜಿನ ಮೇಲೆ ತಳ್ಳಿದಳು. ಜಂಬಿಲಾ ನಿಧಾನವಾಗಿ ಹೆಸರು, ವಿಳಾಸ ಬರೆದು ಪೆನ್ನನ್ನು ಹಿಂದಿರುಗಿಸಿದಳು. ವೆತೂರಿಯಾ ಹತ್ತಿಯ ಉಂಡೆಯನ್ನು ಸ್ಪಿರಿಟಿನಲ್ಲಿ ಅದ್ದಿ, ಆ ಪೆನ್ನನ್ನು ತುದಿಯಿಂದ ಬುಡದವರೆಗೆ ಒರೆಸಿದಳು. ಮರೆಮಾಡಲಿಲ್ಲ, ಎದುರಿಗೇ ಒರೆಸಿದಳು.

“ಬೇಜಾರ್ ಮಾಡ್ಕೋಬೇಡಮ್ಮ. ರೋಗಿಗಳು ಮಲಗೋ ಬಟ್ಟೆ ಇದು. ಸ್ವಚ್ಛತೆ ಅನ್ನೋದು ನಿಮ್ಮೋರ ಕೈಲಿ ಆಗೋ ಕೆಲಸ ಅಲ್ಲ.”

ನಮ್ಮ ಹೆಂಗಸರು ಒಂದರ ಮೇಲೊಂದು ಮೂರು ನಾಲ್ಕು ಲಂಗ ಉಡುತ್ತಾರೆ. ಸೊಂಟದ ಕೆಳಗೆ ಉಟ್ಟದ್ದು ನಮಗೆ ಮೈಲಿಗೆ; ಅಂಥ ಲಂಗವನ್ನು ಹೆಣ್ಣೊಬ್ಬಳು ಬಿಚ್ಚಿ ಯಾರ ಮೇಲಾದರೂ ಎಸೆದರೆ ಅದಕ್ಕಿಂತ ದೊಡ್ಡ ಶಿಕ್ಷೆ ನಮ್ಮಲ್ಲಿಲ್ಲ. ಹೊಡೆಸಿಕೊಂಡವನ ಜೊತೆ ಯಾರೂ ಉಣ್ಣುವುದಿಲ್ಲ, ಅವನ ಮನೆಯ ನೀರು ಮುಟ್ಟುವುದಿಲ್ಲ. ಎಂಥ ಗಂಡಸೂ ಆ ಮಾತೆತ್ತಿದರೆ ಬಾಗಿಲು ಹಾಕಿಕೊಳ್ಳುತ್ತಾನೆ. ಜಂಬಿಲಾ ಮೇಲಿನ ಲಂಗದ ಲಾಡಿ ಎಳೆದಳು; ಬೀಸಿ ಆ ಮೇಜಿನ ಮೇಲೆ ಎಸೆದಳು. ಹಾಜರಿ ಪುಸ್ತಕ, ಪೆನ್ನು, ಕಾಫಿ ಎಲ್ಲವೂ ಅದರಡಿ ಮುಚ್ಚಿಹೋದವು.

“ಈಗ ಒರೆಸ್ಕೊ,” ಎಂದಳು. “ಬಾಟ್ಲಿ ಸಾಲಲ್ಲ, ಪೀಪಾಯಿ ತರಿಸ್ಕೊ.”

ವೆತೂರಿಯಾ ಮೊದಲು ಬೆಚ್ಚಿ, ಆಮೇಲೆ ನಕ್ಕು, ಕಾವಲುಗಾರನನ್ನು ಕೂಗಿದಳು. ಲಂಗವನ್ನು ಎರಡು ಬೆರಳಲ್ಲಿ ಎತ್ತಿ ಮೂಲೆಗೆ ಬಿಸಾಡಿ, ಅದೇ ಕಾಫಿಯನ್ನು ಕುಡಿದಳು.

ಜಂಬಿಲಾಳ ತಪ್ಪು ಅಲ್ಲಿತ್ತು. ನಮ್ಮವರಲ್ಲದೆ ಇನ್ನಾರೂ ಮಾಡಲಾರದ ತಪ್ಪು. ಹೊಡೆತವು ವೆತೂರಿಯಾಳಿಗೆ ತಗುಲಲೇ ಇಲ್ಲ. ಅವಳ ಪಾಲಿಗೆ ಅದು ಒಂದು ಹಳೆಯ ಬಟ್ಟೆ. ತಗುಲಿದ್ದು ನಮಗೆ. ಲಂಗ ಬಿದ್ದ ಮನೆ ಮೈಲಿಗೆ, ಆ ಮನೆಯಲ್ಲಿ ಮಲಗಿದವರಿಗೂ ಮೈಲಿಗೆ. ಕೇರಿಯ ನೂರ ಎಂಬತ್ತು ಮನೆಗಳಿಗೆ ಇದ್ದದ್ದು ಆ ಒಂದೇ ಆಸ್ಪತ್ರೆ. ಅಂದಿನಿಂದ ನಮ್ಮವರು ಯಾರೂ ಅದರ ಮೆಟ್ಟಿಲು ಹತ್ತಲಿಲ್ಲ. ನಮ್ಮ ಹಿರಿಯ ಗ್ರಾಂಚಾ ಮಾಮ ಸಕ್ಕರೆ ಕಾಯಿಲೆಯ ಸೂಜಿಗೆ ಹೋಗುವುದನ್ನು ನಿಲ್ಲಿಸಿದ. ರುಜಾಳಿಗೆ ಆಗ ಐದು ತಿಂಗಳು. ಅವಳ ಮೊದಲ ಮಗು ಅಡ್ಡಲಾಗಿ ಮಲಗಿ, ಎರಡು ದಿನ ಒದ್ದಾಡಿಸಿತ್ತು; ಹೊಟ್ಟೆ ಕೊಯ್ದು ತೆಗೆದರೂ ಉಳಿಯಲಿಲ್ಲ. ಎರಡನೆಯದನ್ನು ಮನೆಯಲ್ಲಿ ಹೆತ್ತರೆ ತಾಯಿಯೂ ಉಳಿಯುವುದಿಲ್ಲವೆಂದು ಡಾಕ್ಟರು ಎಚ್ಚರಿಸಿದ್ದರು.

“ಅತ್ತೆ, ನೀನೇ ಮೈಲಿಗೆ ಮಾಡಿದ ಮಂಚದ ಮೇಲೆ ನನ್ನ ಮಗು ಹೆರ್ಲಾ?” ಎಂದಳು ರುಜಾ. ಆಸ್ಪತ್ರೆಯ ಚೀಟಿಯನ್ನು ಜಂಬಿಲಾಳ ಕೈಗಿಟ್ಟು ಒಳಗೆ ಹೋದಳು.

ಹಿರಿಯರ ಪಂಚಾಯ್ತಿ ಗ್ರಾಂಚಾ ಮಾಮನ ಅಂಗಳದಲ್ಲಿ, ಅಕ್ರೋಟಿನ ಮರದ ಕೆಳಗೆ ಕೂಡಿತು. ಮೈಲಿಗೆ ಕಳೆಯಲು ನಮ್ಮಲ್ಲಿ ಎರಡು ದಾರಿಗಳಿವೆ. ಒಂದು ಬಹಳ ಸುಲಭದ್ದು. ಎಸೆದವಳು ಆ ಲಂಗ ಹೊಸದು, ಅದುವರೆಗೆ ಉಟ್ಟದ್ದಲ್ಲವೆಂದು ಆಣೆ ಮಾಡಿದರೆ ಸಾಕು. ಗ್ರಾಂಚಾ ಮಾಮ ಆ ದಾರಿಯನ್ನು ಅವಳ ಮುಂದೆ ಹಾಸಿಯೇಬಿಟ್ಟ.

“ಮಗಳೇ, ಆ ಲಂಗ ಹೊಸದು ತಾನೆ? ಅವತ್ತೇ ಅಂಗಡಿಯಿಂದ ತಂದು ಸುತ್ಕೊಂಡಿದ್ದೆ. ಹೂಂ ಅನ್ನು, ಎದ್ದೋಗೋಣ.”

“ಹಳೇದು ಮಾಮ. ನಾಲ್ಕು ವರ್ಷದ್ದು.”

“ಯೋಚ್ನೆ ಮಾಡಿ ಹೇಳು.”

“ಯೋಚ್ನೆ ಮಾಡೇ ಎಸೆದೆ. ಅಂಥವಳ ಮೇಲೆ ಹೊಸದನ್ನ ಹಾಳ್ಮಾಡ್ತೀನಾ?”

ಯುವಕರು ನಕ್ಕರು, ಕ್ರಾಚುನ್ ತಲೆ ತಗ್ಗಿಸಿದ. ಹಿರಿಯರೆಲ್ಲ ನನ್ನತ್ತ ನೋಡಿದರು. ಜಂಬಿಲಾಳೂ ತಿರುಗಿದಳು.

“ಸಾಂದು ಅಣ್ಣ, ಸುಳ್ಳಾಣೆ ಮಾಡಿದ ನಾಲಿಗೆ ಪ್ರಾರ್ಥನೆಗೆ ಬರಲ್ಲ ಅಂತ ಹೋದ ಭಾನುವಾರ ಹೇಳ್ದವನು ನೀನೇ. ಈಗ ಮಾಡು ಅಂತೀಯಾ? ನಿನ್ನ ಬಾಯಲ್ಲಿ ಅಂದ್ಬಿಡು. ಮಾಡ್ತೀನಿ.”

ನಾನು ಮಾತಾಡಲಿಲ್ಲ. ಸತ್ಯಕ್ಕೆ ಅಂಜಿ ಸುಮ್ಮನಾದೆನೆಂದು ಹೇಳಿಕೊಂಡರೆ ಅದೂ ಸುಳ್ಳಾಗುತ್ತದೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಂಚೆ ಹಂಚುವ ಕೆಲಸ ಕೇಳಿಕೊಂಡು ನಾನೂ ಒಂದು ಕಿಟಕಿಯ ಮುಂದೆ ನಿಂತಿದ್ದೆ. ಜಿಪ್ಸಿಯ ಕೈಗೆ ಊರಿನ ಕಾಗದ ಕೊಟ್ಟರೆ ಉಳಿಯುತ್ತದೆಯೇ ಎಂದು ಒಳಗಿನವರು ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಹುಲ್ಲಿನಲ್ಲಿ ಬಿದ್ದ ಕೆಂಡದಂತೆ ಅದು ನನ್ನ ಎಲ್ಲ ಪ್ರಾರ್ಥನೆಗಳ ಅಡಿಯಲ್ಲಿ ಹೊಗೆಯಾಡುತ್ತಲೇ ಇತ್ತು. ವೆತೂರಿಯಾ ಬಾಗುವುದನ್ನು ನೋಡಬೇಕೆಂದು ನನಗೂ ಆಸೆಯಿತ್ತು.

ಕಡೆಗೆ ಪಂಚಾಯ್ತಿ ಎರಡನೆಯ ದಾರಿಯನ್ನು ವಿಧಿಸಿತು: ಲಂಗದ ಹೊಡೆತ ತಿಂದವಳು ಹಿರಿಯರ ಮುಂದೆ, ತನ್ನ ಬಾಯಿಂದಲೇ ತಪ್ಪೊಪ್ಪಬೇಕು. ಆಗ ಎಸೆದವಳು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಅಲ್ಲಿಯವರೆಗೆ ಆಸ್ಪತ್ರೆ ಮೈಲಿಗೆ.

ವೆತೂರಿಯಾಳ ಬಾಯಿ ತೆರೆಸುವುದು ಹೇಗೆ? ರಾಜಧಾನಿಯಲ್ಲಿ ಜನಾಂಗದ ಕಾರಣಕ್ಕೆ ಕೆಲಸ ನಿರಾಕರಿಸಿದವರ ಮೇಲೆ ವಿಚಾರಣೆ ನಡೆಸುವ ಮಂಡಳಿಯೊಂದಿದೆ. ನಾನು ಅದಕ್ಕೆ ಅರ್ಜಿ ಬರೆದೆ. ನಮ್ಮ ಕೈಯಲ್ಲಿ ಒಂದು ಸಾಕ್ಷಿಯೂ ಇತ್ತು. ಲಂಗ ಎಸೆದ ದಿನವೇ ಮಧ್ಯಾಹ್ನ, ನಮ್ಮ ಪ್ರಾರ್ಥನಾ ಮನೆಗೆ ಬರುವ ರೊಮೇನಿಯನ್ ಸೋದರಿ ಎಫ್ತೀಮಿಯಾಳನ್ನು ಅದೇ ಕೆಲಸ ಕೇಳಲು ನಾನು ಕಳುಹಿಸಿದ್ದೆ. ದೇವಭಕ್ತೆ, ಒಳ್ಳೆಯ ಮನಸ್ಸು. ಆದರೆ ಬಿಳಿಯ ಕರವಸ್ತ್ರ ಒಗೆಯಲು ಹೋಗಿ ಅದನ್ನು ನೀಲಿ ಮಾಡಿ ತೆಗೆಯುವವಳು. ಪ್ರಮಾಣಪತ್ರವಿಲ್ಲ, ಅನುಭವವಿಲ್ಲ. ವೆತೂರಿಯಾ ಅವಳಿಗೆ ಸೋಮವಾರದಿಂದ ಬಾ ಎಂದು ಚೀಟಿ ಬರೆದು ಸಹಿ ಹಾಕಿ ಕೊಟ್ಟಿದ್ದಳು.

ಎಂಟು ವಾರಗಳ ಮೇಲೆ ವಿಚಾರಣೆ. ಮೂವರು ಸದಸ್ಯರು ಉದ್ದನೆಯ ಮೇಜಿನ ಹಿಂದೆ ಕುಳಿತಿದ್ದರು. ಆಸ್ಪತ್ರೆಯ ವಕೀಲ ಲಂಗದಿಂದಲೇ ಆರಂಭಿಸಿದ. ಸರಕಾರಿ ಕಚೇರಿಯಲ್ಲಿ ಬಟ್ಟೆ ಬಿಚ್ಚಿ ಎಸೆಯುವ ಹೆಂಗಸಿಗೆ ಯಾರು ಕೆಲಸ ಕೊಟ್ಟಾರು ಎಂದ. ಅಧ್ಯಕ್ಷರು ಜಂಬಿಲಾಳನ್ನು ಕೇಳಿದರು:

“ಎಸೆದಿದ್ದು ನಿಜಾನಾ?”

“ನಿಜ ಸ್ವಾಮಿ. ಪೆನ್ನು ಒರೆಸಿದ್ದು ನಿಜಾನಾ ಅಂತ ಅವರನ್ನೂ ಕೇಳಿ.”

“ಸೋಂಕು ತಡೆಯೋಕೆ ಎಲ್ಲರ ಪೆನ್ನೂ ಒರೆಸ್ತೀವಿ,” ಎಂದಳು ವೆತೂರಿಯಾ.

ಎಫ್ತೀಮಿಯಾ ಎದ್ದು ನಿಂತಳು. “ನಾನು ಬರೆದ ಮೇಲೆ ಒರೆಸ್ಲಿಲ್ಲ ಸಾರ್. ಅದೇ ಪೆನ್ನನ್ನ ಕಿವಿಗೆ ಸಿಕ್ಕಿಸ್ಕೊಂಡ್ರು.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಜಂಬಿಲಾ ನಗಲಿಲ್ಲ. ತಾನೊಂದು ಪ್ರಶ್ನೆ ಕೇಳಬಹುದೇ ಎಂದಳು, ಕೇಳು ಎಂದರು.

“ಅಡುಗೆಮನೆ ಏಪ್ರನ್ನು, ಆಪರೇಷನ್ ಬಟ್ಟೆ, ಬಾಗಿಲಿನ ಕಾಲೊರೆಸು. ಇವನ್ನೆಲ್ಲ ಎಷ್ಟು ಮೆಷಿನ್ನಲ್ಲಿ ಹಾಕ್ತೀರಿ ಮೇಡಂ?”

“ಎರಡಿದೆ.”

“ಓಡೋದು ಎಷ್ಟು?”

ವೆತೂರಿಯಾ ವಕೀಲನನ್ನು ನೋಡಿದಳು. “ಒಂದು ಕೆಟ್ಟಿದೆ.”

“ಎಷ್ಟು ದಿನದಿಂದ?”

ಸದಸ್ಯರಲ್ಲೊಬ್ಬರು ಏನನ್ನೋ ಬರೆದುಕೊಂಡರು. “ನಮ್ಮ ಗುಡಿಸಲಲ್ಲಿ ಇವಕ್ಕೆಲ್ಲ ಬೇರೆಬೇರೆ ಬೋಗುಣಿ ಸ್ವಾಮಿ,” ಎಂದು ಜಂಬಿಲಾ ಕುಳಿತಳು. ಪ್ರಾರ್ಥನಾ ಮನೆಯಲ್ಲಿ ಎಷ್ಟೋ ಪ್ರಸಂಗಗಳನ್ನು ಮಾಡಿದ್ದೇನೆ. ಒಂದೂ ಇಷ್ಟು ಚಿಕ್ಕದಾಗಿ, ಇಷ್ಟು ಆಳವಾಗಿ ಇಳಿದದ್ದಿಲ್ಲ.

ಬಿಡುವಿನಲ್ಲಿ ವಕೀಲ ಪಡಸಾಲೆಗೆ ಬಂದ. ದೂರು ಹಿಂದಕ್ಕೆ ತೆಗೆದುಕೊಂಡರೆ ನಾಳೆಯೇ ಕೆಲಸ ಕೊಡಿಸುವುದಾಗಿ ಹೇಳಿದ.

“ಕೆಲಸ ಬೇಕು,” ಎಂದಳು ಜಂಬಿಲಾ. “ಅದಕ್ಕಿಂತ ಮುಂಚೆ ಅವಳ ಬಾಯಿ ಬೇಕು.”

ತೀರ್ಪು ಬಂದದ್ದು ಜನವರಿಯ ಕಡೆಯಲ್ಲಿ. ಜನಾಂಗದ ಕಾರಣಕ್ಕಾಗಿಯೇ ಕೆಲಸ ನಿರಾಕರಿಸಲಾಗಿದೆ, ಆಸ್ಪತ್ರೆಗೆ ದಂಡ, ತೀರ್ಪಿನ ಪ್ರತಿ ಮೂವತ್ತು ದಿನ ಗೇಟಿನ ಮೇಲೆ ಇರಬೇಕು, ಅರ್ಜಿಯನ್ನು ಹೊಸದಾಗಿ ಪರಿಶೀಲಿಸಬೇಕು. ಅಂದು ನಮ್ಮ ಕೇರಿಗೆ ಕೇರಿಯೇ ಆ ಗೇಟಿನ ಹೊರಗೆ ನಿಂತಿತು. ಓದಲು ಬಾರದವರು ಮೂರು ಮೂರು ಸಲ ಓದಿಸಿಕೊಂಡರು. “ವೆತೂರಿಯಾ ಹೆಸರು ಇನ್ನೊಂದ್ಸಲ ಓದು ಅಣ್ಣ, ಅದೊಂದನ್ನೇ,” ಎಂದು ಮುದುಕಿಯೊಬ್ಬಳು ನನ್ನ ತೋಳು ಜಗ್ಗಿದಳು. ನಾನು ಓದಿದೆ, ಗಂಟಲೆತ್ತರಿಸಿ ಓದಿದೆ. ದೇವರು ನನ್ನ ದನಿಯೊಳಗಿನ ಹಿಗ್ಗನ್ನು ಕೇಳಿಸಿಕೊಂಡಿದ್ದಾನೆ. ಅದಕ್ಕೆ ನಾನು ಅವನಿಗೆ ಲೆಕ್ಕ ಒಪ್ಪಿಸಬೇಕು.

ಆಸ್ಪತ್ರೆಯ ನಿರ್ದೇಶಕರು ನೇಮಕದ ಪತ್ರವನ್ನು ಕಳುಹಿಸಿದರು. ಜಂಬಿಲಾ ಲಕೋಟೆಯನ್ನೇ ತೆರೆಯದೆ ಅಂಚೆಯವನ ಕೈಗೆ ಮರಳಿಸಿದಳು. “ವೆತೂರಿಯಾನೇ ತಂದುಕೊಡ್ಲಿ. ಕೇರಿಗೆ ಬಂದು, ಹಿರಿಯರ ಮುಂದೆ ಒಪ್ಕೊಂಡು ಕೊಡ್ಲಿ.” ವೆತೂರಿಯಾ ಬರುವುದಿಲ್ಲವೆಂದಳು, ಹುಷಾರಿಲ್ಲವೆಂದು ರಜೆ ಹಾಕಿ ಮನೆಯಲ್ಲಿ ಕುಳಿತಳು. ಹೀಗೆ ಒಂಬತ್ತು ದಿನ ಕಳೆದವು. ರುಜಾಳ ದಿನ ತುಂಬುತ್ತ ಬಂತು.

ಹತ್ತನೆಯ ಬೆಳಿಗ್ಗೆ ನೋವು ಕಾಣಿಸಿಕೊಂಡಿತು. ಹಿಮ ಕರಗಿ ಅಂಗಳವೆಲ್ಲ ಕೆಸರಾಗಿತ್ತು. ನಾನೇ ಆಂಬುಲೆನ್ಸಿಗೆ ಫೋನು ಮಾಡಿದೆ. ಅದು ಬಂತು; ನರ್ಸು ಇಳಿದಳು. ರುಜಾ ಹೊಸ್ತಿಲವರೆಗೆ ನಡೆದು ಬಂದು ಬಾಗಿಲ ಕಂಬವನ್ನು ಎರಡೂ ಕೈಗಳಿಂದ ತಬ್ಬಿಕೊಂಡಳು.

“ಬರಲ್ಲ. ಮೈಲಿಗೆ ಮನೆಗೆ ನನ್ನ ಮಗೂನ ಒಯ್ಯಲ್ಲ.”

ನರ್ಸು ಹೊಟ್ಟೆ ಮುಟ್ಟಿ ನೋಡಿ ಬಿಳಿಚಿಕೊಂಡಳು. “ಮಗು ಅಡ್ಡ ಇದೆ. ಈಗ್ಲೇ ಹೊರಡ್ಬೇಕು,” ಎಂದು ಹೇಳಿ ನಿರ್ದೇಶಕರಿಗೆ ಫೋನು ಮಾಡತೊಡಗಿದಳು. ತೀರ್ಪು ಗೇಟಿನ ಮೇಲೆ ಅಂಟಿರುವಾಗಲೇ ರೋಮಾ ಹೆಣ್ಣೊಬ್ಬಳು ಆಸ್ಪತ್ರೆಗೆ ಬರಲಾರದೆ ಸತ್ತರೆ ತನ್ನ ಕುರ್ಚಿ ಉಳಿಯುವುದಿಲ್ಲವೆಂದು ಆತ ಕ್ಷಣದಲ್ಲಿ ಅರಿತನೆಂದು ಕಾಣುತ್ತದೆ. ವೆತೂರಿಯಾಳನ್ನು ತಾನೇ ಕರೆತರುವುದಾಗಿ ಹೇಳಿದ.

ಅವರು ಬರುವಷ್ಟರಲ್ಲಿ ಕ್ರಾಚುನ್ ಹೆಂಡತಿಯ ಮುಂದೆ ಕೆಸರಿನಲ್ಲಿ ಮೊಣಕಾಲೂರಿದ. “ಹೊಸ ಲಂಗ ಅಂದ್ಬಿಡೇ. ನಿನ್ನ ಕಾಲಿಗೆ ಬೀಳ್ತೀನಿ ಕಣೆ, ಅಂದ್ಬಿಡು.”

ಜಂಬಿಲಾ ನನ್ನನ್ನು ನೋಡಿದಳು. ಅಂದುಬಿಡು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕಾರು ಬಂತು.

ವೆತೂರಿಯಾ ಮನೆಯ ಚಪ್ಪಲಿಯಲ್ಲೇ ಇದ್ದಳು. ಹಿರಿಯರು ಬೇಲಿಯುದ್ದಕ್ಕೂ ನಿಂತಿದ್ದರು; ಗ್ರಾಂಚಾ ಮಾಮನನ್ನು ಇಬ್ಬರು ಹಿಡಿದುಕೊಂಡಿದ್ದರು. ಅವಳು ನೆಲ ನೋಡುತ್ತ ಗೊಣಗಿದಳು: “ತಪ್ಪಾಯ್ತು.”

“ಯಾರಿಗೆ ಹೇಳ್ತಿದೀಯ?” ಎಂದಳು ಜಂಬಿಲಾ. “ಕೋಳಿಗಳಿಗಾ?”

ಹೊಸ್ತಿಲಲ್ಲಿ ರುಜಾ ಕೂಗಿಕೊಂಡಳು. ವೆತೂರಿಯಾ ಮುಖವೆತ್ತಿದಳು. “ಅವತ್ತು ಏನೋ ತಪ್ಪು ತಿಳುವಳಿಕೆ ಆಗಿತ್ತು. ಕ್ಷಮಿಸಿ.”

“ನಂಗೆ ಯಾವ ತಪ್ಪು ತಿಳುವಳಿಕೇನೂ ಆಗಿರ್ಲಿಲ್ಲ. ನಿಂಗೂ ಆಗಿರ್ಲಿಲ್ಲ.”

“ಸಾಕು ಮಗಳೇ,” ಎಂದ ಗ್ರಾಂಚಾ ಮಾಮ. ಜಂಬಿಲಾ ಅವನತ್ತ ತಿರುಗದೆ ಅಂಗೈಯನ್ನು ಮೇಲೆತ್ತಿದಳು. ಅವಳ ಮುಖವನ್ನು ನಾನು ಮರೆಯಲಾರೆ. ಅಲ್ಲಿ ಸಿಟ್ಟಿರಲಿಲ್ಲ. ಒಗೆದ ಬಟ್ಟೆಯನ್ನು ಬೆಳಕಿಗೆ ಹಿಡಿದು ಕಲೆ ಉಳಿದಿದೆಯೇ ಎಂದು ನೋಡುವವಳ ನೋಟ ಅದು. ರುಜಾ ಮತ್ತೆ ಕೂಗಿದಳು. ನರ್ಸು ಅಳುತ್ತಿದ್ದಳು. ನಮ್ಮ ಹಾಡೊಂದರ ಎರಡು ಚರಣ ಹಾಡುವಷ್ಟು ಹೊತ್ತು ಆ ಅಂಗಳದಲ್ಲಿ ಯಾರೂ ಅಲುಗಲಿಲ್ಲ.

ಆಗ ವೆತೂರಿಯಾ ಎಲ್ಲರಿಗೂ ಕೇಳುವಂತೆ, ಒಡೆದ ದನಿಯಲ್ಲಿ ಹೇಳಿದಳು: “ಕೆಲಸ ಖಾಲಿ ಇತ್ತು. ನೀನು ರೋಮಾ ಅಂತ ಕೊಡ್ಲಿಲ್ಲ. ನಿನ್ನ ಕೈ ಅಸಹ್ಯ ಅಂದ್ಕೊಂಡಿದ್ದೆ. ತಪ್ಪು ನಂದು, ಜಂಬಿಲಾ.”

“ಹಿಂದಕ್ಕೆ ತಗೊಂಡೆ,” ಎಂದಳು ಜಂಬಿಲಾ. ಹಿರಿಯರು ತಲೆಯಾಡಿಸಿದರು. ರುಜಾ ಕಂಬವನ್ನು ಬಿಟ್ಟಳು.

ಹೊಟ್ಟೆ ಕೊಯ್ದು ಮಗುವನ್ನು ತೆಗೆದರು; ಹೆಣ್ಣು ಮಗು, ಉಳಿಯಿತು. ರುಜಾ ಮೂರು ಬಾಟಲಿ ರಕ್ತ ಪಡೆದು ಹದಿಮೂರು ದಿನ ಮಲಗಿದಳು. ಆ ವಾರವೇ ಜಂಬಿಲಾ ಕೆಲಸಕ್ಕೆ ಹಾಜರಾದಳು. ಮೊದಲ ದಿನ ಅವಳು ಮಾಡಿದ್ದು ಒಂದೇ ಕೆಲಸ: ಕೆಟ್ಟ ಮೆಷಿನ್ನು ರಿಪೇರಿಯಾಗುವವರೆಗೆ ಅಡುಗೆಮನೆಯ ಬಟ್ಟೆಯನ್ನು ಮುಟ್ಟುವುದಿಲ್ಲವೆಂದು ಬರೆದು, ಆ ಕಾಗದಕ್ಕೆ ವೆತೂರಿಯಾಳಿಂದ ಸಹಿ ಹಾಕಿಸಿಕೊಂಡದ್ದು. ಇಂದಿಗೂ ಅವಳು ವೆತೂರಿಯಾಳಿಗೆ ನಮಸ್ಕಾರ ಹೇಳುವುದಿಲ್ಲ. ವೆತೂರಿಯಾ ಹೇಳುತ್ತಾಳೆ, ಪ್ರತಿದಿನ ಬೆಳಿಗ್ಗೆ. ಜಂಬಿಲಾ ಕೇಳಿಸಿಕೊಂಡು ಮುಂದೆ ಹೋಗುತ್ತಾಳೆ.

ರುಜಾಳಿಗಾಗಿ ಪ್ರಾರ್ಥಿಸಲು ನಾನು ಆಸ್ಪತ್ರೆಗೆ ಹೋದಾಗ ಅತ್ತೆ ಅವಳ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದಳು. ರುಜಾ ಗೋಡೆಯತ್ತ ಮುಖ ಮಾಡಿಯೇ ಕೇಳಿದಳು:

“ಮೂರು ಸಲ ಹೇಳಿಸ್ದೆಯಲ್ಲ ಅತ್ತೆ. ನಾನು ಹೊಸ್ತಿಲಲ್ಲಿ ಸಾಯ್ತಾ ಇದ್ದೆ. ಒಂದು ಸಲ ಸಾಕಿರ್ಲಿಲ್ವಾ?”

“ಸಾಕಿರ್ಲಿಲ್ಲ.”

ರುಜಾ ಅತ್ತೆಯ ಕಡೆ ಮುಖ ತಿರುಗಿಸಿದಳು. “ಎರಡನೇ ಸಲಕ್ಕೆ ಮಾಮನೇ ಸಾಕು ಅಂದಿದ್ದ. ಕಂಬ ಬಿಟ್ಟುಬಿಡಬಹುದಿತ್ತು ನಾನು,” ಎಂದಳು. “ಬಿಡ್ಲಿಲ್ಲ. ನಂಗೂ ಅದನ್ನ ಅವಳ ಬಾಯಿಂದ ಕೇಳ್ಬೇಕಿತ್ತು.”

ಜಂಬಿಲಾ ದಿಂಬನ್ನು ಎತ್ತಿ ಸೊಸೆಯ ತಲೆಯಡಿ ಸರಿಯಾಗಿ ಇಟ್ಟಳು. ಆಮೇಲೆ ಇಬ್ಬರೂ ನನ್ನತ್ತ ತಿರುಗಿ, ಪ್ರಾರ್ಥನೆಗಾಗಿ ತಲೆ ಬಾಗಿಸಿದರು. ನಾನು ಕ್ಷಮೆಯ ಮಾತನ್ನು ಸಿದ್ಧಪಡಿಸಿಕೊಂಡು ಹೋಗಿದ್ದೆ. ಅದನ್ನು ಬಿಟ್ಟು, ಮಗುವಿಗಾಗಿ ಮಾತ್ರ ಪ್ರಾರ್ಥಿಸಿದೆ.